ಗಾದಿ ಗೌಸುಸಾಬರ ಬಲಗಿವಿ

ಗದಗಿನ ಮೊದಲ ಬಸ್ಸು ಹೊರಡುವ ಮುಂಚೆಯೇ ರೋಣದ ಹತ್ತಿ ಅಂಗಡಿಗಳ ಓಣಿಯಲ್ಲಿ ಒಂದು ಸಪ್ಪಳ ಎದ್ದಿರುತ್ತದೆ. ತಗಡಿನ ಚಪ್ಪರದ ಕೆಳಗೆ ಗೌಸುಸಾಬ ನದಾಫ ಬಿಲ್ಲು ಹಿಡಿದು ಕೂತಿದ್ದಾರೆ. ಆಳೆತ್ತರದ ಬಿಲ್ಲು, ಅದಕ್ಕೆ ಬಿಗಿದ ನರದ ತಂತಿ, ಕೈಯಲ್ಲೊಂದು ಕಟ್ಟಿಗೆಯ ಗುಂಡು. ಗುಂಡು ತಂತಿಗೆ ಬಿದ್ದರೆ ಹತ್ತಿ ಹೊಗೆಯ ಹಾಗೆ ಏಳುತ್ತದೆ. ಪ್ರತಿ ಏಟಿಗೂ ಅವರ ತಲೆ ಬಲಕ್ಕೆ ವಾಲಿ, ಕಿವಿ ತಂತಿಯ ಹತ್ತಿರ ಹೋಗಿ ಬರುತ್ತದೆ. ನೋಡಿದವರಿಗೆ ಮುದುಕ ತೂಕಡಿಸುತ್ತಿದ್ದಾನೆ ಅನ್ನಿಸಬೇಕು. ತೂಕಡಿಕೆಯಲ್ಲ, ಅವರು ಕೇಳುತ್ತಿದ್ದಾರೆ.

"ಗಂಟಿದ್ದ ಹತ್ತಿ ಮ್ಯಾಲ ತಂತಿ ದಪ್ಪ ದನೀಲೆ ಮಾತಾಡತೈತ್ರಿ. ಹತ್ತಿ ಬಿಚ್ಚಿಕೋತ ಬಂದಂಗ ದನಿ ತೆಳ್ಳಗ ಆಗತೈತಿ. ಕಣ್ಣಾಗ ಧೂಳ ತುಂಬಿರತೈತಿ, ಏನ ಕಾಣತೈತಿ? ಕಿವೀನ ಹೇಳಬೇಕು."

ತಂದೆ ಅಲ್ಲಾವುದ್ದೀನರ ಕೈಯಿಂದ ಬಂದ ಕಸುಬು. ಜಕ್ಕಲಿ, ರಾಜೂರ, ನರಗುಂದದ ತನಕ ಲಗ್ನದ ಮನೆಗಳಿಗೆ ಇವರದೇ ಗಾದಿ. ದಿನಕ್ಕೊಂದು ಗಾದಿ ಮುಗಿದರೆ ಹೊಟ್ಟೆಗಾಯಿತು. ಹತ್ತಿ ಹಿಂಜುವ ಮಷೀನು ಪೇಟೆಗೆ ಬಂದ ಮೇಲೆ ಬಿಲ್ಲು ಹಿಡಿಯುವವರು ಒಬ್ಬೊಬ್ಬರೇ ಬಿಟ್ಟರು. ಗೌಸುಸಾಬ ಬಿಡಲಿಲ್ಲ.

ಎರಡು ವರ್ಷದ ಹಿಂದೆ ತಂತಿಯ ದನಿ ಕುಂದಿತು. ತಂತಿ ಸಡಿಲಾಗಿದೆ ಎಂದುಕೊಂಡು ಗೌಸುಸಾಬ ಬಿಗಿದರು. ಆಮೇಲೆ ತಂತಿಯನ್ನೇ ಬದಲಿಸಿದರು, ಬಿಲ್ಲನ್ನೂ ಬದಲಿಸಿದರು. ಹತ್ತಿಯೇ ಹಸಿ ಎಂದು ಬಿಸಿಲಿಗೆ ಹಾಕಿದರು. ತಮ್ಮ ಕಿವಿಯ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಒಂದು ದಿನ ಜಕ್ಕಲಿಯ ಸಿದ್ದಲಿಂಗವ್ವ ಗಾದಿಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು ಅಂಗಡಿಯ ಮುಂದೆ ಕೆಡವಿದಳು.

"ಸಾಬ್ರ, ಇದು ಗಾದಿ ಅಲ್ಲ, ಕಡ್ಲಿ ಚೀಲ! ಸೊಸಿ ರಾತ್ರೆಲ್ಲಾ ಹೊರಳ್ಯಾಡ್ಯಾಳ. ನೀವ ಒಮ್ಮೆ ಮಲಗಿ ನೋಡ್ರಿ."

ಗೌಸುಸಾಬ ಗಾದಿ ಬಿಚ್ಚಿ ನೋಡಿದರೆ ಒಳಗೆಲ್ಲ ಗಂಟು. ಮರುದಿನವೇ ಹೆಂಡತಿ ಸಾಬೀರಾ ಅವರನ್ನು ದವಾಖಾನೆಗೆ ಎಳೆದುಕೊಂಡು ಹೋದರು.

ಹುಬ್ಬಳ್ಳಿಯಲ್ಲಿ ತಲೆಯ ಚಿತ್ರ ತೆಗೆದರು. ಬಲಗಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಹುಣಸೆಬೀಜದಷ್ಟು ಗಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಬೆಳೆಯುತ್ತದೆ. ತಲೆಬುರುಡೆ ತೆರೆದು ತೆಗೆಯಬಹುದು, ಆದರೆ ಆ ಕಿವಿ ಉಳಿಯುವುದು ಕಷ್ಟ ಎಂದರು ಡಾಕ್ಟರು. ಇನ್ನೊಂದು ದಾರಿಯನ್ನೂ ಅವರೇ ಹೇಳಿದರು. ಮದ್ರಾಸಿಗೆ ಹೊಸ ಯಂತ್ರ ಬಂದಿದೆ. ಅದರ ರೋಬೋಟ್ ಕೈ ರೋಗಿಯ ಸುತ್ತ ತಿರುಗಿ, ಹತ್ತಾರು ಕಡೆಯಿಂದ ಸಣ್ಣ ಸಣ್ಣ ಕಿರಣಗಳನ್ನು ಆ ಗಡ್ಡೆಯೊಂದಕ್ಕೇ ಬಿಡುತ್ತದೆ. ಕತ್ತಿಯಿಲ್ಲ, ರಕ್ತವಿಲ್ಲ. ಗಡ್ಡೆ ಅಲ್ಲೇ ಇದ್ದರೂ ಬೆಳೆಯುವುದು ನಿಲ್ಲುತ್ತದೆ. ಕಿವಿ ಉಳಿದರೂ ಉಳಿದೀತು.

ಖರ್ಚಿಗೆ ರಾಜೂರ ದಾರಿಯ ತಮ್ಮ ಎರೆಹೊಲ ಮಾರೋಣವೆಂದು ಮೊದಲು ಅಂದವರು ಸಾಬೀರಾ. "ಹೊಲಾ ಇದ್ದು ಇವರು ಸುಮ್ಮ ಕುಂತ್ರ ಯಾರಿಗೆ ಚಂದ?"

2009ರ ಬೇಸಿಗೆ. ಮದ್ರಾಸಿನ ದವಾಖಾನೆಯಲ್ಲಿ ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಳಿಗೆಯನ್ನು ಗೌಸುಸಾಬರ ಮುಖಕ್ಕೆ ಒತ್ತಿ, ಗಟ್ಟಿಯಾದ ಮೇಲೆ ಅದೇ ಮುಖವಾಡದಿಂದ ತಲೆಯನ್ನು ಹಲಗೆಗೆ ಬಿಗಿದರು. ಯಂತ್ರದ ಕೈ ಬಂತು, ನಿಂತಿತು, 'ಕಿರ್ರ್' ಎಂದಿತು. ಸರಿಯಿತು, ನಿಂತಿತು, ಮತ್ತೆ 'ಕಿರ್ರ್'. ನಲವತ್ತು ವರ್ಷ ತಂತಿಯ ಜೊತೆ ವಾಲಿದ ತಲೆ ಅದು. ಮುಖವಾಡದೊಳಗೇ ಬಲಕ್ಕೆ ತುಯ್ಯತೊಡಗಿತು. ಗುರಿ ತಪ್ಪುತ್ತದೆಂದು ಯಂತ್ರ ತಾನೇ ನಿಂತುಬಿಟ್ಟಿತು. ಯಂತ್ರ ನಡೆಸುವ ಹುಡುಗರು ಬಂದು ತಲೆ ಸರಿಪಡಿಸಿ ಹೋದರು. ಮತ್ತೆ ನಿಂತಿತು.

ಕಡೆಗೆ ಅವರನ್ನು ಎಬ್ಬಿಸಿ ಹೊರಗೆ ಕಳಿಸಿದರು. ಅಲುಗದೆ ಮಲಗಲಾಗದಿದ್ದರೆ ಇದು ನಿಮಗೆ ಆಗುವುದಿಲ್ಲ, ಊರಿಗೆ ಹೋಗಿ ಆಪರೇಶನ್ನೇ ಮಾಡಿಸಿಕೊಳ್ಳಿ ಎಂಬ ಮಾತನ್ನು ಜೊತೆಗೆ ಬಂದಿದ್ದ ಅಳಿಯ ಮುಜಫ್ಫರ ಉರ್ದುವಿನಲ್ಲಿ ಕೇಳಿಕೊಂಡು ಬಂದು ತಿಳಿಸಿದ. ಹೊರಗಿನ ಬೆಂಚಿನ ಮೇಲೆ ಸಾಬೀರಾ ಗಂಡನ ಮುಖ ನೋಡಿದರು.

"ಅಂಜಿಕಿ ಆತೇನ್ರಿ?"

"ಅಂಜಿಕಿ ಅಲ್ಲ. ಅದು ಸಪ್ಪಳ ಮಾಡಿದ ಕೂಡ್ಲೇ ತೆಲಿ ತಾನ ಅತ್ತಾಗ ಹೋಗತೈತಿ. ಹತ್ತಿ ಬಿಚ್ಚಿತೋ ಇಲ್ಲೋ ಅಂತ."

ಸಾಬೀರಾಗೆ ನಗು ಬಂತು, ಸಿಟ್ಟೂ ಬಂತು. "ಅಲ್ಲಿ ಹಿಂಜಾಂವ ನೀವಲ್ಲ, ಅದು. ನೀವು ಹತ್ತಿ. ಹತ್ತಿ ಎಂದಾರ ಕಿವಿ ಕೊಟ್ಟು ಕೇಳತೈತೇನು? ಸುಮ್ಮ ಬಿದ್ಕೋರಿ."

ಗೌಸುಸಾಬ ಎದ್ದು ಒಳಗೆ ಹೋದರು. ಇನ್ನೊಮ್ಮೆ ನೋಡಿರೆಂದು ಕೈಸನ್ನೆಯಲ್ಲೇ ಕೇಳಿಕೊಂಡು ಮಲಗಿದರು. ಸಪ್ಪಳ ಬಂದಾಗಲೆಲ್ಲ ಕತ್ತಿನ ನರ ಸೆಟೆಯಿತು, ತಲೆ ಮಾತ್ರ ಹೋಗಲಿಲ್ಲ. "ಜೀವಮಾನದಾಗ ಅಷ್ಟ ದಣಿದಿಲ್ರಿ. ಸುಮ್ಮ ಮಲಗೂದು ಭಾಳ ತ್ರಾಸಿನ ಕೆಲಸ," ಎಂದು ಗೌಸುಸಾಬ ಈಗಲೂ ನೆನೆಯುತ್ತಾರೆ. ಅಂದಿನದು ಮುಗಿಯಿತು. ಮರುದಿನ ಮತ್ತು ಅದರ ಮರುದಿನ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

ಊರಿಗೆ ಬಂದರೆ ಇನ್ನೊಂದು ಫಜೀತಿ. ನೋಡಲು ಬಂದವರಿಗೆಲ್ಲ ಹೊಲಿಗೆ ನೋಡಬೇಕು. ಪಕ್ಕದ ಕಿರಾಣಿ ಅಂಗಡಿಯ ಗವಿಸಿದ್ದಪ್ಪ ಕಿವಿಯ ಹಿಂದೆ ಬೆರಳಾಡಿಸಿಯೇ ನೋಡಿದ.

"ಗೌಸು ಕಾಕಾ, ಒಂದ ಟಾಕಿ ಇಲ್ಲಲ್ಲೋ! ಗಡ್ಡಿ ತಗದಾರೋ ಇಲ್ಲೋ?"

"ತಗದಿಲ್ಲಪಾ. ಅಲ್ಲೇ ಐತಿ."

"ಹೊಲಾ ಮಾರಿ ಹೋಗಿ, ಗಡ್ಡಿ ತಿರುಗಿ ಮನೀಗೆ ತಂದ್ಯಾ?"

"ತಂದೇನಿ. ಆದ್ರ ಅದರ ಸೊಕ್ಕ ಮುರದೈತಿ. ನಿನ್ನ ಸೊಕ್ಕ ಯಾವಾಗ ಮುರೀತೈತೋ!"

ಓಣಿಯೆಲ್ಲ ನಕ್ಕಿತು. ಆದರೂ ಆರು ತಿಂಗಳು ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಮತ್ತೆ ಮದ್ರಾಸಿಗೆ ಹೋಗಿ ಚಿತ್ರ ತೆಗೆಸಿದಾಗ ತಿಳಿಯಿತು: ಗಡ್ಡೆ ಬೆಳೆದಿಲ್ಲ. ಕಿವಿ ಮೊದಲಿನಂತಾಗಿಲ್ಲ, ಇದ್ದಷ್ಟು ಉಳಿದಿದೆ. ವರ್ಷ ವರ್ಷ ಹೋಗಿ ತೋರಿಸಬೇಕು. ಇದ್ದಷ್ಟರಲ್ಲೇ ಗೌಸುಸಾಬ ಕಸುಬು ನಡೆಸಿದ್ದಾರೆ. ತಂತಿಗೆ ಇನ್ನಷ್ಟು ಹತ್ತಿರ ಬಾಗುತ್ತಾರೆ, ಒಂದೇ ರಾಶಿಯನ್ನು ಎರಡು ಸಲ ಹಿಂಜುತ್ತಾರೆ. ಸಿದ್ದಲಿಂಗವ್ವನ ಗಾದಿಯನ್ನು ಬಿಚ್ಚಿ ಮತ್ತೆ ಕಟ್ಟಿ ಕೊಟ್ಟಿದ್ದಾರೆ. ಅವಳು ಬೈಯಲು ಮತ್ತೆ ಬಂದಿಲ್ಲ.

ಈಗ ಅವರ ಮುಂದಿರುವುದು ಉದ್ದನೆಯ, ತೆಳ್ಳನೆಯ ಗಾದಿ. ಮುಂದಿನ ಸಲ ಮದ್ರಾಸಿಗೆ ಒಯ್ಯಬೇಕು, ಕಾಯುವವರ ಬೆಂಚಿಗೆ ಹಾಸಬೇಕು. "ಒಳಗ ಮಲಗಿದಾಂವ ನಾ. ಹೊರಗ ಕುಂತು ಬೆನ್ನ ಮುರಕೊಂಡಾಕಿ ಇಕಿ," ಎನ್ನುತ್ತಾರೆ.

ಸಾಬೀರಾ ಚಹಾ ತಂದಿಟ್ಟು, ಇದೊಂದನ್ನಾದರೂ ಮಷೀನಿಗೆ ಕೊಡಿರಿ, ಬೇಗ ಆಗುತ್ತದೆ, ಯಾಕೆ ಒದ್ದಾಡುತ್ತೀರಿ ಎಂದು ಹೇಳುತ್ತಾರೆ. ಗೌಸುಸಾಬ ಬಿಲ್ಲು ಕೆಳಗಿಡುವುದಿಲ್ಲ.

"ಮಷೀನಿಗೆ ಕೊಡೂದಿದ್ರ, ಈ ಕಿವಿ ಯಾಕ ಉಳಿಸಿಕೊಂಡ ಬಂದ್ನಿ?"