ಇನ್ನೊಂದು ಟೇಕ್

ತಾವೇ ಬರೆದು, ನಟಿಸಿ, ನಿರ್ದೇಶಿಸಿದ ಮೂರು ಚಿತ್ರಗಳೂ ಡಬ್ಬದಿಂದ ಹೊರಬಾರದೆ ಹೋದ ಮೇಲೆ, ೧೯೯೮ರ ಮಾರ್ಚ್ ೧೪, ಶನಿವಾರ, ನಮ್ಮ ನಟ-ನಿರ್ದೇಶಕರು ಚಳವಳಿಗಿಳಿದರು. ಧರಣಿಗೆ ಕೂರುವ ಮುನ್ನ ಬಿಸಿಲು ತಮ್ಮ ಎಡಗೆನ್ನೆಗೆ ಬೀಳುವುದೋ ಇಲ್ಲವೋ ಎಂದು ನೋಡುವರು, ಘೋಷಣೆ ಸಪ್ಪೆಯಾದರೆ "ಕಟ್! ಇನ್ನೊಂದು ಟೇಕ್!" ಎನ್ನುವರು, ಬಂಧಿಸಲು ಬಂದ ಪೊಲೀಸರಿಗೂ, "ಸ್ವಲ್ಪ ನಿಧಾನಕ್ಕೆ ಎಳೀರಪ್ಪ, ಫೋಟೋದವ್ರು ಇನ್ನೂ ಬಂದಿಲ್ಲ" ಎಂದು ನಿರ್ದೇಶನ ಕೊಡುವರು. ಆದರೆ ೨೦೦೬ರ ಜೂನ್ ೯ರ ಧರಣಿಯಲ್ಲಿ, ಕಸಗುಡಿಸುವ ಮುದುಕಿಯೊಬ್ಬಳ ತಲೆಯ ಮೇಲೆ ಲಾಠಿ ಎದ್ದಾಗ, ಅವರು ಕ್ಯಾಮೆರಾಗಳಿಗೆ ಬೆನ್ನು ತಿರುಗಿಸಿ ಆಕೆಯನ್ನು ತಬ್ಬಿ ಬಾಗಿದರು. ಮರುದಿನ ಪತ್ರಿಕೆ ಬಿಡಿಸಿ, "ಛೆ, ಮುಖಾನೇ ಬಂದಿಲ್ಲ ಕಣೇ, ಇನ್ನೊಂದು ಟೇಕ್ ಬೇಕಿತ್ತು" ಎಂದು ಹಲುಬಿದರು. ಅವರ ಬೆನ್ನಿನ ಬಾಸುಂಡೆಗಳಿಗೆ ಮುಲಾಮು ಸವರುತ್ತಿದ್ದ ಹೆಂಡತಿ, "ಅಲ್ಲಾಡ್ಬೇಡಿ ರೀ! ನಿಮ್ಮ ಜನ್ಮದಲ್ಲಿ ಒಂದೇ ಟೇಕಿಗೆ ಓಕೆ ಆಗಿದ್ದು ಇದೊಂದೇ" ಎಂದಳು.