ಮಗಳ ಒಲೆಯ ಕೆಂಪು ಬಲ್ಬು

2006ರ ಬೇಸಿಗೆ. ಬಿ.ಎ. ಕೊನೆಯ ಪರೀಕ್ಷೆ ಮುಗಿಸಿ ಕುಷ್ಟಗಿಯಲ್ಲಿದ್ದ ಅಣ್ಣ ವೀರೇಶನ ಮನೆಗೆ ಹೋಗಿದ್ದೆ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅಣ್ಣನ ಕೆಲಸ. ಅವನ ಮಗಳು ಸ್ಫೂರ್ತಿಗೆ ಆಗ ನಾಲ್ಕು ವರ್ಷ. ಅತ್ತಿಗೆ ರೊಟ್ಟಿ ಬಡಿಯಲು ಕುಳಿತರೆ ಸಾಕು, ಇವಳೂ ಒಲೆಯ ಮುಂದೆ ಹಾಜರು. ಬೈದರೂ ಕದಲುತ್ತಿರಲಿಲ್ಲ. ಕೊನೆಗೆ ಅಣ್ಣ, ನಿನ್ನದೇ ಒಂದು ಆಟದ ಅಡುಗೆಮನೆ ಮಾಡಿಕೊಡುತ್ತೇನೆ, ಅಮ್ಮನ ಒಲೆಯ ಹತ್ತಿರ ಹೋಗಬಾರದು ಎಂದು ಒಪ್ಪಿಸಿದ.

ಮೋಟರು ತುಂಬಿ ಬರುವ ಮರದ ಪೆಟ್ಟಿಗೆಯನ್ನು ಕೊಯ್ದು ಅವಳ ಎತ್ತರಕ್ಕೆ ಕಟ್ಟೆ ಮಾಡಿದ. ಸ್ಟೀಲ್ ಬಟ್ಟಲು ಕೂರಿಸಿದ್ದೇ ಸಿಂಕ್. ಒಲೆಗೆ ಮಾತ್ರ ತನ್ನ ಕಸುಬನ್ನೆಲ್ಲ ಸುರಿದ. ದುಂಡಗೆ ತೂತು ಕೊರೆದು, ಒಳಗೆ ಹೋಲ್ಡರಿನಲ್ಲಿ ಕೆಂಪು ಝೀರೋ ಬಲ್ಬ್ ಹಾಕಿ, ಮೇಲೆ ಜರಡಿಯಂಥ ತಗಡಿನ ಮುಚ್ಚಳ ಇಟ್ಟ. ಗೋಡೆಯ ಸ್ವಿಚ್ ಒತ್ತಿದರೆ ಥೇಟ್ ಕೆಂಡ.

"ನನ್ನ ಮಿಕ್ಸರ್ ಕೆಟ್ಟು ಆರು ತಿಂಗಳಾತು, ಅದನ್ನ ಮುಟ್ಟಿಲ್ಲ. ಮಗಳ ಒಲಿ ಮಾತ್ರ ಹೆಂಗ ಉರೀತು ನೋಡ್ರಿ" ಎಂದು ಅತ್ತಿಗೆ ಅಣ್ಣನನ್ನು ಚುಚ್ಚಿದಳು.

ಆಗ ಕರೆಂಟ್ ಹೋಗುವುದಕ್ಕೂ ಬರುವುದಕ್ಕೂ ಹೊತ್ತುಗೊತ್ತು ಇರಲಿಲ್ಲ. ಬಂದದ್ದು ಗೊತ್ತಾಗಲಿ ಎಂದು ಯಾರೂ ಸ್ವಿಚ್ ಆರಿಸುತ್ತಲೂ ಇರಲಿಲ್ಲ.

ಒಂದು ಸಂಜೆ ಹಾಗೇ ಕರೆಂಟ್ ಹೋಗಿ ಅವಳ ಒಲೆಯೂ ಆರಿತು. ಅತ್ತಿಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಪಡಸಾಲೆಯ ಬಾಗಿಲಲ್ಲಿ ಕುಳಿತಿದ್ದೆ. ಒಳಗಿನಿಂದ ಸ್ಫೂರ್ತಿ ನನ್ನನ್ನು ಕರೆದು, "ಅತ್ತಿ, ಗ್ಯಾಸ್ ಮುಗದೈತಿ. ನಾನಾ ಬದಲಿ ಮಾಡ್ತೀನಿ" ಅಂದಳು. ದೊಡ್ಡವರ ಹಾಗೆ ಸುಸ್ತಾದ ದನಿಯಲ್ಲಿ ಹೇಳಿದ್ದಕ್ಕೆ ನನಗೆ ನಗು ಬಂತು.

ನಗುತ್ತಲೇ ತಿರುಗಿ ನೋಡಿದೆ. ಮುಚ್ಚಳ ತೆಗೆದಿತ್ತು. ಬಲ್ಬು ಪಕ್ಕದಲ್ಲಿ ಬಿದ್ದಿತ್ತು. ಅಪ್ಪ ಅದನ್ನು ಒತ್ತಿ ತಿರುಗಿಸಿ ತೆಗೆಯುವುದನ್ನು ನೋಡಿದ್ದಳಲ್ಲ. ಸಿಂಕಿನ ನೀರು ಚೆಲ್ಲಿ ಅವಳ ಬರಿಗಾಲಡಿ ನೆಲ ಒದ್ದೆಯಾಗಿತ್ತು. ಖಾಲಿ ಹೋಲ್ಡರಿನೊಳಗೆ ಸ್ಟೀಲ್ ಚಮಚ ತುರುಕಿ, ನಾಲಿಗೆ ಕಚ್ಚಿಕೊಂಡು ತಿರುವುತ್ತಿದ್ದಳು. ಗೋಡೆಯಲ್ಲಿ ಸ್ವಿಚ್ ಹಾಕಿದ್ದು ಹಾಕಿದಂತೆಯೇ ಇತ್ತು.

ಓಡಿದೆ. ಸೊಂಟ ಹಿಡಿದು ಎಳೆದ ರಭಸಕ್ಕೆ ಅವಳ ಆಟದ ಸಾರಿನ ಪಾತ್ರೆ ಉರುಳಿ, ಇಬ್ಬರೂ ಹಿಂದಕ್ಕೆ ಬಿದ್ದೆವು. ಚಮಚ ಹೋಲ್ಡರಿನಲ್ಲೇ ಸಿಕ್ಕಿಕೊಂಡಿತ್ತು. ನಾನು ಏಳುವಷ್ಟರಲ್ಲಿ ಫಟ್ ಎಂದು ನೀಲಿ ಕಿಡಿ ಹಾರಿತು. ಓಣಿಯ ಮಕ್ಕಳು ಕರೆಂಟ್ ಬಂತೆಂದು ಕೂಗಿದರು. ಎದುರು ಮನೆಗಳಲ್ಲಿ ದೀಪ ಹತ್ತಿದವು. ಫ್ಯೂಸ್ ಸುಟ್ಟ ನಮ್ಮ ಮನೆ ಕತ್ತಲಲ್ಲೇ ಉಳಿಯಿತು.

ಆ ಕತ್ತಲಲ್ಲಿ ಸ್ಫೂರ್ತಿ ನನ್ನ ಎದೆಗೆ ಗುದ್ದುತ್ತ ಅಳುತ್ತಿದ್ದಳು. "ಅವ್ವಾ, ಅತ್ತಿ ನನ್ನ ಸಾರು ಚೆಲ್ಲಿದ್ಲು."

ಅಣ್ಣ ಬಂದ ಮೇಲೆ ನಡೆದದ್ದನ್ನು ಹೇಳಿದೆ. ಟಾರ್ಚ್ ಹಿಡಿದು ಚಮಚ ಕಿತ್ತ. ಅದರ ತುದಿ ಕಪ್ಪಾಗಿ ಕರಗಿತ್ತು. ದಿನವೂ ಕರೆಂಟಿನ ಜೊತೆಗೇ ಕೆಲಸ ಮಾಡುವ ಮನುಷ್ಯ, ಅದನ್ನು ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತುಬಿಟ್ಟ. ಊಟಕ್ಕೆ ಕರೆದರೆ ಏಳಲಿಲ್ಲ. "ಬೆಂಕಿ ಹತ್ರ ಹೋಗಬಾರದಂತ ಮಾಡಿದ್ನವ್ವ ತಂಗಿ" ಅಂದ. ಮರುದಿನ ಬೆಳಗ್ಗೆ ಒಲೆಯನ್ನಷ್ಟೇ ಅಲ್ಲ, ಇಡೀ ಅಡುಗೆಮನೆಯನ್ನು ಒಡೆದು ಹಾಕಿದ. ಅದೂ ನನ್ನದೇ ಕಿತಾಪತಿ ಎಂದುಕೊಂಡು ಸ್ಫೂರ್ತಿ ನಾನು ಊರಿಗೆ ಹೊರಡುವವರೆಗೂ ಮಾತು ಬಿಟ್ಟಿದ್ದಳು.

ಈಗ ಅವಳು ಕೊಪ್ಪಳದಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೆ ಅದೊಂದೂ ನೆನಪಿಲ್ಲ. ನನಗೆ ಆ ಸಂಜೆ ಮುಗಿದೇ ಇಲ್ಲ. ಏನೋ ಕೆಲಸ ಮಾಡುತ್ತ ನಿಂತವಳು ಇದ್ದಕ್ಕಿದ್ದಂತೆ ಮತ್ತೆ ಆ ಬಾಗಿಲಿಂದ ಓಡುತ್ತೇನೆ. ಎಷ್ಟೋ ಸಲ, ನನ್ನ ಕೈ ಅವಳನ್ನು ಮುಟ್ಟುವ ಮೊದಲೇ ಓಣಿಯ ಮಕ್ಕಳು ಕರೆಂಟ್ ಬಂತೆಂದು ಕೂಗಿಬಿಡುತ್ತಾರೆ.