ಆರನೇ ಸಾಲಿನ ನಡುವಿನ ಸೀಟು

ಬಾಪೂಜಿ ನಗರದ ಹನುಮಯ್ಯನವರಿಗೆ ಒಂದು ವಿಮಾನ ಕಂಪನಿ ಇನ್ನೂ ಎರಡು ಸಾವಿರದ ನೂರು ರೂಪಾಯಿ ಕೊಡಬೇಕು. ಟಿಕೆಟ್ಟಿನ ದುಡ್ಡಲ್ಲ. ಟಿಕೆಟ್ ತೆಗೆದುಕೊಂಡ ಮೇಲೆ, ನಾವು ಇಂಥ ಕಡೆಯೇ ಕೂರಬೇಕು ಎಂದಿದ್ದಕ್ಕೆ ಬೇರೆಯಾಗಿ ಕಟ್ಟಿಸಿಕೊಂಡ ದುಡ್ಡು. ಏಳು ದಿನದಲ್ಲಿ ವಾಪಸ್ ಬರುತ್ತದೆ ಎಂದಿದ್ದರು. ನಾಲ್ಕು ತಿಂಗಳಾಯಿತು.

ಹನುಮಯ್ಯ ಸಿಟಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವರು. ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ, ಮೆಜೆಸ್ಟಿಕ್ಕಿನಿಂದ ಕೆಂಗೇರಿಗೆ ಜನರನ್ನು ಕೂರಿಸಿ, ಎಬ್ಬಿಸಿ, ಜರುಗಿಸಿ ಮಂಡಿ ಸವೆಸಿಕೊಂಡವರು. ಹೆಂಗಸರ ಸೀಟಿನಲ್ಲಿ ಕೂತು ನಿದ್ದೆ ನಟಿಸುವ ಗಂಡಸರ ಭುಜ ತಟ್ಟಿ ಎಬ್ಬಿಸುವರು. ಯಾಕೆ ಅಂತ ಕೇಳಿದರೆ, "ಇಳಿದ್ಮೇಲೆ ಹೇಳ್ತೀನಿ, ಈಗ ಏಳಪ್ಪ" ಎನ್ನುವರು. ಈಗ ನಿವೃತ್ತಿಯಾಗಿದೆ. ಮನೆಯಲ್ಲಿ ಹೆಂಡತಿ ರಾಮಮ್ಮ, ಒಬ್ಬಳೇ ಮಗಳು ಅನು. ಅನುವಿಗೆ ಇಪ್ಪತ್ತಾರು ವರ್ಷ, ವಿಜಯನಗರದ ಒಂದು ಮೆಡಿಕಲ್ ಶಾಪಿನಲ್ಲಿ ಬಿಲ್ ಹಾಕುವ ಕೆಲಸ.

ಹನ್ನೊಂದನೆಯ ವಯಸ್ಸಿನಿಂದ ಅನುವಿಗೆ ಮೂರ್ಛೆ ರೋಗ ಇದೆ. ಮಾತ್ರೆಯಿಂದ ಹತೋಟಿಯಲ್ಲಿದೆ, ಆದರೆ ನಿದ್ದೆ ಕೆಟ್ಟರೆ ಬರುತ್ತದೆ. ಬಂದಾಗ ಪಕ್ಕದಲ್ಲಿ ತಿಳಿದವರಿರಬೇಕು. ತಲೆಗೆ ಏಟು ಬೀಳದಂತೆ ನೋಡಿಕೊಂಡು ಒಂದು ಮಗ್ಗುಲಿಗೆ ತಿರುಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು. ತಿಳಿಯದವರು ಕೈಗೆ ಬೀಗದ ಕೈ ಕೊಟ್ಟು ಮೂಗಿಗೆ ಚಪ್ಪಲಿ ಹಿಡಿಯುತ್ತಾರೆ. ಅವಳು ಕಾಲೇಜಿಗೆ ಹೋಗುವಾಗ ಹನುಮಯ್ಯ ಆ ರೂಟಿನ ಕಂಡಕ್ಟರಿಗೆ, ಹುಡುಗಿಗೆ ಹೀಗಿದೆ, ಸ್ವಲ್ಪ ನೋಡಿಕೋ ಎಂದು ಹೇಳಿಟ್ಟರು. ವಾರದೊಳಗೆ ಕ್ಲಾಸಿಗೆಲ್ಲ ಗೊತ್ತಾಗಿ, ಬೆಂಚಿನಲ್ಲಿ ಅವಳ ಪಕ್ಕದ ಜಾಗ ಖಾಲಿ ಬಿತ್ತು. ಮುಂದೆ ಮೊದಲ ಕೆಲಸ ಹೋದದ್ದೂ ಹೀಗೇ, ಯಾರೋ ಹೇಳಿದ್ದರಿಂದ. ಅವತ್ತೇ ಅಪ್ಪನಿಂದ ಮಾತು ತೆಗೆದುಕೊಂಡಳು. ಹೇಳುವುದಿದ್ದರೆ ನಾನು ಹೇಳುತ್ತೇನೆ, ನೀನು ಹೇಳಕೂಡದು. ಆರು ವರ್ಷ ಹನುಮಯ್ಯ ಆ ಮಾತು ಉಳಿಸಿಕೊಂಡಿದ್ದರು.

ಈ ಮಾರ್ಚಿನಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದ ರಾಮಮ್ಮನ ಅಣ್ಣ ತೀರಿಕೊಂಡರು. ಮಣ್ಣಿಗಂತೂ ಹೋಗಲಾಗಲಿಲ್ಲ, ಹನ್ನೊಂದನೆಯ ದಿನದ ಕಾರ್ಯಕ್ಕಾದರೂ ಹೋಗಲೇಬೇಕು. ರೈಲಿನಲ್ಲಿ ಹೋದರೆ ಒಂದು ಇಡೀ ರಾತ್ರಿ ಅನುವಿನ ನಿದ್ದೆ ಕೆಡುತ್ತದೆ. ಬಿಟ್ಟು ಹೋಗೋಣವೆಂದರೆ ನೋಡಿಕೊಳ್ಳಲು ಯಾರೂ ಇಲ್ಲ. ಹಾಗಾಗಿ ವಿಮಾನ. ಆ ಮನೆಯಲ್ಲಿ ಯಾರೂ ಅದುವರೆಗೆ ವಿಮಾನ ಹತ್ತಿರಲಿಲ್ಲ.

ಮುಖ್ಯರಸ್ತೆಯಲ್ಲಿ ಜೆರಾಕ್ಸ್ ಜೊತೆಗೆ ಟಿಕೆಟ್ ಬುಕಿಂಗನ್ನೂ ಮಾಡುವ ರಾಗಿಣಿಯ ಅಂಗಡಿಗೆ ಹನುಮಯ್ಯ ಹೋದರು. ಅವಳು ಸೀಟುಗಳ ಚಿತ್ರ ತೆರೆದು ತೋರಿಸಿದಳು. ಹತ್ತಿರಹತ್ತಿರ ಎಲ್ಲವೂ ತುಂಬಿ ಅಲ್ಲೊಂದು ಇಲ್ಲೊಂದು ಉಳಿದಿತ್ತು, ಅದರಲ್ಲೂ ಹೆಚ್ಚಿನವು ನಡುವಿನ ಸೀಟುಗಳು. ಹನುಮಯ್ಯ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಟೈರ್ ಎಲ್ಲಿ ಬರುತ್ತದೆ ಎಂದು ಕೇಳಿದರು.

"ಟೈರಾ? ಮೇಲಕ್ಕೆ ಹೋದ್ಮೇಲೆ ಒಳಗೆ ಮಡಚ್ಕೊಳ್ಳುತ್ತೆ ಹನುಮಯ್ಯನೋರೇ. ನಿಮ್ ಬಸ್ಸಲ್ಲ ಇದು, ಕುಲುಕೋದಕ್ಕೆ."

ದುಡ್ಡು ಕಟ್ಟದಿದ್ದರೆ ಏನಾಗುತ್ತದೆ ಎಂದು ವಿಚಾರಿಸಿದರು. ಕಂಪ್ಯೂಟರ್ ತನಗೆ ತೋಚಿದ ಕಡೆ ಹಾಕುತ್ತದೆ, ಮೂವರೂ ಮೂರು ಕಡೆ ಬೀಳುವುದೇ ಹೆಚ್ಚು ಎಂದಳು. ಇಪ್ಪತ್ತೇಳನೇ ಸಾಲಿನಲ್ಲಿ ಕಿಟಕಿ ಮತ್ತು ಅದರ ಪಕ್ಕದ್ದು ಸಿಕ್ಕಿತು. ಅದು ತಾಯಿ ಮಗಳಿಗೆ. ತಮಗೆ ಮೂವತ್ತನೇ ಸಾಲಿನ ಅಂಚಿನದು. ಒಂದೊಂದಕ್ಕೆ ಏಳುನೂರು. ಕಟ್ಟಿದರು. ರಾಗಿಣಿಗೆ ಅನುವಿನ ವಿಷಯ ಗೊತ್ತಿತ್ತು, ಅದೇ ಬೀದಿಯವಳು. ಕೌಂಟರಿನಲ್ಲಿ ಕಾಯಿಲೆ ಎಂದರೆ ಡಾಕ್ಟರ್ ಪತ್ರ ಕೇಳುತ್ತಾರೆ, ಇಲ್ಲದಿದ್ದರೆ ಹತ್ತಿಸದೆಯೂ ಇರಬಹುದು ಎಂದು ಎಚ್ಚರಿಸಿದಳು. ಅನು ತೋರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಅವಳ ಡಾಕ್ಟರ್ ಸಿಗುವುದು ಗುರುವಾರ ಮಾತ್ರ. ವಿಮಾನ ಇದ್ದದ್ದು ಬುಧವಾರ.

ಬುಧವಾರ ಬೆಳಿಗ್ಗೆ ಐದಕ್ಕೆಲ್ಲ ಎದ್ದು ಸ್ಯಾಟಲೈಟ್ ನಿಲ್ದಾಣದಲ್ಲಿ ಏರ್‌ಪೋರ್ಟ್ ಬಸ್ ಹಿಡಿದರು. ಎರಡು ಗಂಟೆಯ ದಾರಿ. ಅಲ್ಲಿ ಅರ್ಧ ಗಂಟೆ ಸಾಲಿನಲ್ಲಿ ನಿಂತ ಮೇಲೆ ಕೌಂಟರಿನ ಹುಡುಗಿ ಮೂರು ಚೀಟಿ ಕೊಟ್ಟಳು. ಅನು ಆರನೇ ಸಾಲು, ರಾಮಮ್ಮ ಹತ್ತೊಂಬತ್ತು, ಹನುಮಯ್ಯ ಇಪ್ಪತ್ನಾಲ್ಕು. ಮೂರೂ ನಡುವಿನ ಸೀಟು. ಬೇರೆ ವಿಮಾನ ಹಾಕಿದ್ದಾರಂತೆ, ಅದರಿಂದ ಸೀಟೆಲ್ಲ ಬದಲಾಗಿದೆಯಂತೆ, ದುಡ್ಡು ತಾನಾಗಿ ವಾಪಸ್ ಬರುತ್ತದಂತೆ. ನಮಗೆ ದುಡ್ಡು ಬೇಡ, ಸೀಟು ಕೊಡಿ ಎಂದರು ಹನುಮಯ್ಯ. ವಿಮಾನ ಪೂರ್ತಿ ತುಂಬಿದೆ, ಒಳಗೆ ಹೋದ ಮೇಲೆ ಪಕ್ಕದವರನ್ನು ಕೇಳಿಕೊಳ್ಳಿ ಎಂದಳು. ಅವಳದೂ ತಿಂಗಳ ಸಂಬಳದ ಕೆಲಸ, ಅವಳ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಹೀಗೆ, ಮಾರಿದವನು ಕೊಡಬೇಕಾದ ಜಾಗವನ್ನು ಕೊಂಡವನು ಬೇಡಿ ಪಡೆಯಬೇಕಾಯಿತು.

ಆರನೇ ಸಾಲಿನಲ್ಲಿ ಕಿಟಕಿಗೆ ಒಬ್ಬ ಹೆಂಗಸು, ಅಂಚಿಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಯುವಕ. ಇಬ್ಬರೂ ಬೆಂಗಳೂರಿನವರೇ. ಅನು ನಡುವೆ ಹೋಗಿ ಕೂತಳು. ಹನುಮಯ್ಯ ಯುವಕನಿಗೆ ತಮ್ಮ ಚೀಟಿ ತೋರಿಸಿ, ಸ್ವಲ್ಪ ಬದಲಾಯಿಸಿಕೊಳ್ಳುತ್ತೀರಾ ಎಂದು ಕೇಳಿದರು.

"ಅಂಕಲ್, ಇದು ದುಡ್ಡು ಕೊಟ್ಟು ತಗೊಂಡಿರೋ ಸೀಟು. ಇದನ್ನ ಬಿಟ್ಟು ಹಿಂದ್ಗಡೆ ಮಧ್ಯದಲ್ಲಿ ಯಾಕೆ ಹೋಗಿ ಕೂರ್ಲಿ?"

"ನಾವೂ ಕೊಟ್ಟಿದ್ವಿ ಸಾರ್."

ಹಾಗಾದರೆ ಕಂಪನಿಯವರನ್ನು ಕೇಳಿ ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಕಿಟಕಿಯ ಹೆಂಗಸು, ಇಷ್ಟು ದೊಡ್ಡ ಹುಡುಗಿ, ಒಂದೂವರೆ ಗಂಟೆ ಒಬ್ಬಳೇ ಕೂರಲು ಆಗುವುದಿಲ್ಲವೇ ಎಂದು ನಗುತ್ತಲೇ ಕೇಳಿದಳು. ಹಿಂದಿನವರು ಬ್ಯಾಗಿನಿಂದ ತಳ್ಳುತ್ತಿದ್ದರು. ರಾಮಮ್ಮನನ್ನು ಜನ ತಳ್ಳಿಕೊಂಡೇ ಹತ್ತೊಂಬತ್ತರವರೆಗೆ ಒಯ್ದಿದ್ದರು. ದಯವಿಟ್ಟು ನಿಮ್ಮ ಸೀಟಿಗೆ ಹೋಗಿ, ಬಾಗಿಲು ಹಾಕಬೇಕು ಎಂದಳು ಗಗನಸಖಿ.

"ಹೋಗಪ್ಪ, ನಾನಿರ್ತೀನಿ," ಎಂದಳು ಅನು.

ಹನುಮಯ್ಯ ಎರಡು ಸಾಲು ಹೋಗಿ, ನಿಂತು, ತಿರುಗಿ ನೋಡಿದರು. ತೊಡೆಯ ಮೇಲಿದ್ದ ಅನುವಿನ ಎಡಗೈ ಹೆಬ್ಬೆರಳು ಸಣ್ಣಗೆ ಎಗರುತ್ತಿತ್ತು. ನಿದ್ದೆ ಸಾಲದ ದಿನ ಅವಳಿಗೆ ಹಾಗಾಗುತ್ತದೆ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ, ಕೆಲವು ಸಲ ನಿಲ್ಲುವುದಿಲ್ಲ. ಹನುಮಯ್ಯ ವಾಪಸ್ ಬಂದರು. ಮೂವತ್ತೊಂದು ವರ್ಷ ಬಸ್ಸಿನ ಗದ್ದಲದ ಮೇಲೆ ಕೂಗಿದ ಗಂಟಲು, ಮೆಲ್ಲಗೆ ಮಾತಾಡಲು ಬರುವುದಿಲ್ಲ.

"ಅವಳಿಗೆ ಫಿಟ್ಸ್ ಇದೆ ಸಾರ್. ಪಕ್ಕದಲ್ಲಿ ಗೊತ್ತಿರೋರು ಇರ್ಬೇಕು."

ಇಬ್ಬರೂ ಎದ್ದರು. ಯುವಕ ನೀರಿನ ಬಾಟಲಿಯನ್ನೂ ಮರೆತು ಹಿಂದಕ್ಕೆ ಹೋದ. ಹೆಂಗಸನ್ನು ಯಾರೂ ಕೇಳಿರಲಿಲ್ಲ. ಆದರೂ ಅವಳು ಕಾಲು ಅನುವಿಗೆ ತಾಗದಂತೆ ಸೀರೆ ಎತ್ತಿ ಹಿಡಿದುಕೊಂಡು ಹೊರಗೆ ಬಂದು, ತಾನೇ ರಾಮಮ್ಮನ ಸೀಟು ಕೇಳಿ ಹೋದಳು. ಅರ್ಧ ನಿಮಿಷದಲ್ಲಿ ಇಡೀ ಸಾಲು ಇವರದಾಯಿತು. ಇದನ್ನು ಮನುಷ್ಯತ್ವ ಎಂದು ಕರೆಯುವವರಿದ್ದರೆ ಕರೆಯಲಿ. ಹನುಮಯ್ಯ ಹಾಗೆ ಕರೆಯಲಿಲ್ಲ.

ಗಗನಸಖಿ ಬಂದು, ಕೊನೆಯ ಸಲ ಯಾವಾಗ ಬಂದಿತ್ತು ಎಂದು ವಿಚಾರಿಸಿದಳು. ಎಂಟು ತಿಂಗಳಾಯಿತು ಎಂದು ಹನುಮಯ್ಯ ಮಾತ್ರೆಯ ಚೀಟಿ ತೋರಿಸಿದರು. ಅವಳು ಮುಂದೆ ಹೋಗಿ ಕೇಳಿಕೊಂಡು ಬಂದು, ಸರಿ, ಬೆಲ್ಟ್ ಹಾಕಿಕೊಳ್ಳಿ ಎಂದಳು. ಅಷ್ಟು ಹೊತ್ತೂ ಹಿಂದುಮುಂದಿನ ಸಾಲಿನವರು ಕತ್ತು ಉದ್ದ ಮಾಡಿ ಅನುವನ್ನೇ ನೋಡುತ್ತಿದ್ದರು.

"ಯಾಕಪ್ಪ ಹೇಳ್ದೆ?"

ಅವಳು ಕೇಳಿದ್ದು ಅದೊಂದೇ. ಆಮೇಲೆ ಕಿಟಕಿಯ ಕಡೆ ತಿರುಗಿದವಳು ಮುಂಬೈ ಬರುವ ತನಕ ಮುಖ ಈಚೆ ತಿರುಗಿಸಲಿಲ್ಲ. ಹೆಬ್ಬೆರಳು ತಾನಾಗಿ ನಿಂತಿತು. ಮೂರ್ಛೆ ಬರಲಿಲ್ಲ. ಬಂದಿದ್ದರೆ ಹನುಮಯ್ಯ ಮಾಡಿದ್ದು ಸರಿ ಎಂದಾಗುತ್ತಿತ್ತೋ ಏನೋ. ಮಗಳಿಗೆ ಏನೂ ಆಗದಿದ್ದುದೇ ತಮ್ಮ ತಪ್ಪಿಗೆ ಸಾಕ್ಷಿಯಾಗಿ ಪಕ್ಕದಲ್ಲಿ ಕೂತಿತ್ತು ಎಂದು ಅವರಿಗೆ ಅನ್ನಿಸಿರಬೇಕು. ಅನು ಒಪ್ಪಿದ ಮೇಲೆಯೇ, ಹೆಸರು ಬದಲಾಯಿಸಿ ಬರೆಯುತ್ತೇನೆಂದ ನನ್ನ ಹತ್ತಿರ ಇದನ್ನು ಹೇಳಿದ್ದು, ಆಗಲೂ ನೆಲ ನೋಡಿಕೊಂಡೇ ಹೇಳಿದರು.

ಬರುವಾಗಲೂ ವಿಮಾನ ತುಂಬಿತ್ತು. ಈ ಸಲ ಸೀಟು ಆರಿಸಲು ಫೋನನ್ನು ಅನು ತಾನೇ ಕೈಗೆ ತೆಗೆದುಕೊಂಡಳು. ದುಡ್ಡು ಕಟ್ಟಿದರೆ ಸಿಗುವ ಒಂದೇ ಒಂದು ಜೋಡಿ ಸೀಟು ಉಳಿದಿತ್ತು, ಅದನ್ನು ಮುಟ್ಟಲಿಲ್ಲ. ಕಂಪ್ಯೂಟರ್ ಕೊಟ್ಟ ಮೂರು ಬಿಡಿ ಸೀಟುಗಳಿಗೇ ಒಪ್ಪಿಗೆ ಒತ್ತಿದಳು. ರಾಮಮ್ಮ ಬೇಡವೇ ಬೇಡ ಎಂದು ಅತ್ತರು.

"ಆಗೋದಾದ್ರೆ ಆಗ್ಲಿ ಬಿಡಮ್ಮ. ಅಪ್ಪ ಮಾತ್ರ ಬಾಯಿ ಬಿಡಬಾರ್ದು, ಅಷ್ಟೇ."

ಅನುವಿಗೆ ಸಿಕ್ಕಿದ್ದು ತೀರಾ ಹಿಂದಿನ ಸಾಲು, ಹನುಮಯ್ಯನವರಿಗೆ ತೀರಾ ಮುಂದಿನದು. ಅವರು ಒಂದು ಗಂಟೆ ನಲವತ್ತು ನಿಮಿಷ ಕತ್ತು ತಿರುಗಿಸಿಕೊಂಡೇ ಕೂತು ಬಂದರು, ತಲೆಗಳ ನಡುವೆ ಮಗಳ ತಲೆ ಕಾಣಲಿಲ್ಲ. ಇಳಿದಾಗ ಅವಳು ನೆಟ್ಟಗೆ ನಡೆದು ಬಂದಳು. ಮೂವರೂ ಹೋಗಿ ಬಸ್ಸಿನ ಸಾಲಿನಲ್ಲಿ ನಿಂತರು.

ಮನೆಯವರನ್ನು ಒಟ್ಟಿಗೆ ಕೂರಿಸುವುದನ್ನೂ ಮಾರಾಟಕ್ಕಿಟ್ಟ ಕಂಪನಿಗಳ ಜೊತೆಗಿನ ಜಗಳ ಬೇರೆ ಇದೆ. ಅದನ್ನು ಬೀದಿಯಲ್ಲಿ ನಿಂತು ಮಾಡೋಣ, ನೀವೂ ಬನ್ನಿ. ಅಲ್ಲಿಯವರೆಗೆ ನಿಮ್ಮಿಂದ ಆಗಬೇಕಾದದ್ದು ಇಷ್ಟೇ. ನಾಳೆ ನಿಮ್ಮ ಸೀಟಿನ ಮುಂದೆ ಯಾರಾದರೂ ಬಂದು ನಿಂತು, ನಮ್ಮವರ ಪಕ್ಕ ಕೂರಬೇಕು, ಸ್ವಲ್ಪ ಜಾಗ ಕೊಡಿ ಎಂದರೆ, ಎದ್ದು ಕೊಡಿ. ಕಾರಣ ಕೇಳಬೇಡಿ. ಆ ಕಾರಣ ಅವರ ಬಾಯಿಂದ ಹೊರಗೆ ಬೀಳುವ ಮೊದಲೇ ಎದ್ದೇಳಿ. ಎದ್ದೇಳುತ್ತೀರೋ, ಇಲ್ಲವೋ?